ರೊಟ್ಟಿಗೆ ಗಾಡಿ ನೋಡಿಕೊಟ್ಟ ಮಹಬೂಬ ಮಿಸ್ತ್ರಿ

ಹುಮನಾಬಾದಿನಲ್ಲಿ ಗಾಡಿ ರಿಪೇರಿ ಮಾಡುವ ಮಹಬೂಬ ಮಿಸ್ತ್ರಿಗೆ ಎಡಗಿವಿ ಪೂರಾ ಕೇಳುತ್ತಿರಲಿಲ್ಲ, ಬಲಗಿವಿ ಅರ್ಧ. ಗಾಡಿ ಚಾಲೂ ಮಾಡಿಸಿ, ಬಾನೆಟ್ಟಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚುತ್ತಿದ್ದ. ವೈದ್ಯರು ನಾಡಿ ಹಿಡಿದ ಹಾಗೆ ಎಂದು ಜನ ಹೊಗಳುತ್ತಿದ್ದರು. ನನಗೆ ನಿಂತಲ್ಲೇ ನಿದ್ದೆ ಹೋದವನ ಹಾಗೆ ಕಾಣುತ್ತಿದ್ದ. ನಡುವೆ ಯಾರಾದರೂ ಬಾಯಿ ಹಾಕಿದರೆ, "ನೀ ಸುಮ್ಮನಿರಪಾ, ಅದು ಮಾತಾಡಾಕತ್ತದ" ಎನ್ನುತ್ತಿದ್ದ.

ನಾನೂ ಸೊಸೆ ಸುನಂದಾಳೂ ಬಸವಕಲ್ಯಾಣದಲ್ಲಿ ಖಡಕ್ ರೊಟ್ಟಿ ಬಡಿದು ಹುಮನಾಬಾದಿನ ಖಾನಾವಳಿಗೆ ಕೊಡುತ್ತೇವೆ. ಮೊದಲು ಬಸ್ಸಿನಲ್ಲಿ ಒಯ್ಯುತ್ತಿದ್ದೆವು. ಮಂದಿಯ ಮೊಣಕಾಲು ತಾಗಿ ಅರ್ಧಕ್ಕರ್ಧ ಒಡೆಯುತ್ತಿದ್ದವು. "ಇನ್ನೊಮ್ಮೆ ಚೂರು ತಂದರ, ತರೂದ ಬ್ಯಾಡ್ರಿ" ಎಂದು ಖಾನಾವಳಿಯವ ಹೇಳಿಬಿಟ್ಟ. ಅವನನ್ನು ಬಿಟ್ಟರೆ ನಮಗೆ ಬೇರೆ ಗಿರಾಕಿ ಇರಲಿಲ್ಲ.

ಸ್ವಂತ ಗಾಡಿ ಕೊಳ್ಳೋಣವೆಂದರೆ ನಮ್ಮ ಕೈಗೆಟುಕುವವು ಎರಡೇ. ಒಂದು ಯಾರೋ ಓಡಿಸಿದ ಪಿಕಪ್, ಇನ್ನೊಂದು ಅದಕ್ಕಿಂತ ಹಳೆಯದಾದ, ಉದ್ದ ಡಿಕ್ಕಿಯ ಕಾರು. ಪಿಕಪ್ಪೇ ಎಂದು ನಾನು ಗಟ್ಟಿ ಮಾಡಿದ್ದೆ. ಸಾಮಾನು ಹೊರುವವರಿಗೆ ಕಾರು ಯಾಕೆ? ಆದರೂ ಎರಡನ್ನೂ ಮಿಸ್ತ್ರಿಯ ಮುಂದೆ ನಿಲ್ಲಿಸಿದೆವು. ಎರಡಕ್ಕೂ ಅಂಗೈ ಊರಿದ.

"ಪಿಕಪ್ ಇಂಜಿನ್ ಏಕದಂ ಗಟ್ಟಿ ಅದ ಆಯಿ. ಏನ್ ಹೇರತೀರಿ?"

"ರೊಟ್ಟಿ."

ಪಿಕಪ್ಪಿನ ಹಿಂಭಾಗವನ್ನು ಒತ್ತಿ ಒತ್ತಿ ನೋಡತೊಡಗಿದ. ಕೇಳಲಿಲ್ಲವೇನೋ ಎಂದು ಒದರಿದೆ.

"ಕೇಳಿಸ್ತ್ರಿ. ಹತ್ತು ಚೀಲ ತೊಗರಿ ಹೇರಿದರ ಇದು ಶಾಂತ ಇರತದ. ಹಗೂರ ಸಾಮಾನ ಇಟ್ಟರ ಕುಣೀತದ. ನಾಳಿ ಎರಡು ಡಬ್ಬಿ ರೊಟ್ಟಿ ತರ್ರಿ."

"ತಿನ್ನಾಕ ಬೇಕಾದರ ಹಂಗ ಕೇಳಪಾ" ಎಂದೆ.

ಮರುದಿನ ಒಂದು ಡಬ್ಬಿ ಪಿಕಪ್ಪಿನಲ್ಲಿಟ್ಟು, ಅದರ ಪಕ್ಕ ತಾನೇ ಕುಕ್ಕರಗಾಲಲ್ಲಿ ಕೂತ. ಟ್ರ್ಯಾಕ್ಟರ್ ಹೊಡೆದು ಕಲಿತ ಸುನಂದಾ ಕಲ್ಯಾಣದ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ ಬಂದಳು. ಮುಚ್ಚಳ ಹಾರಿ, ಮಿಸ್ತ್ರಿಯ ಟೊಪ್ಪಿಗೆ, ಗಡ್ಡದ ಮೇಲೆಲ್ಲ ಜೋಳದ ರೊಟ್ಟಿಯ ಚೂರು. ಅದೇ ರಸ್ತೆಯಲ್ಲಿ ಕಾರಿನ ಡಿಕ್ಕಿಯೊಳಗೆ ಹೋಗಿಬಂದ ಡಬ್ಬಿಯಲ್ಲಿ ಮೇಲಿನ ಒಂದು ರೊಟ್ಟಿ ಮಾತ್ರ ಸೀಳಿತ್ತು. ಅದನ್ನು ಮಿಸ್ತ್ರಿ ನಿಂತಲ್ಲೇ ತಿಂದ.

ನಾನು ಸುಲಭಕ್ಕೆ ಸೋಲುವವಳಲ್ಲ. "ಕಾರಿನ್ಯಾಗ ರೊಟ್ಟಿ ಒಯ್ದರ ಮಂದಿ ನಗತಾರ" ಎಂದೆ.

"ನಗಲಿರಿ. ನಗೋ ಮಂದಿ ನಿಮ್ಮ ರೊಟ್ಟಿ ಕೊಳ್ತಾರೇನು?"

ಕಾರನ್ನೇ ತಂದೆವು. ಓಣಿಯವರು ನಕ್ಕರು. ಖಾನಾವಳಿಯವ ಡಬ್ಬಿ ತೆರೆದು ನೋಡಿ, ನಾಳೆಯಿಂದ ಇನ್ನಷ್ಟು ತರಲು ಹೇಳಿದ.

ಹೋದ ವರ್ಷ ಮಿಸ್ತ್ರಿ ಹಾಸಿಗೆ ಹಿಡಿದ. ಬರಿಗೈಯಲ್ಲಿ ಹೋಗುವುದು ಹೇಗೆಂದು ರೊಟ್ಟಿ ಒಯ್ದೆ. ಒಂದೂ ಮುಕ್ಕಾಗಿರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದ, ಬಾಯಿಗೆ ಒಯ್ಯಲಿಲ್ಲ.

"ಹಲ್ಲಾಗ ತಾಕತ್ತಿಲ್ಲ ಆಯಿ. ಮುರದು ಕೊಡ್ರಿ."

ಮುರಿದೆ. ಅವನ ಹೆಂಡತಿ ಬಿಸಿ ಬ್ಯಾಳಿಸಾರು ತಂದು ಅದರ ಮೇಲೆ ಸುರಿದಳು.

"ಇನ್ನೂ ಸಣ್ಣಗ" ಎಂದ.

ಬೆರಳಿನಿಂದ ಹಿಸುಕಿ ಹಿಟ್ಟಿನ ಹಾಗೆ ಮಾಡಿ ಉಣಿಸಿದೆ. ಅದಾದ ಮೇಲೆ ಎಂಟು ದಿನ ಬದುಕಿದ್ದ.