ಟ್ಯಾಂಕಿನ ಕೆಳಗಿನ ತಗಡು

ನನ್ನ ಮೇಜಿನ ಮೇಲೆ, ಪೆನ್ನಿನ ಡಬ್ಬಿಗೆ ಒರಗಿಕೊಂಡು, ಬೆಂಕಿಪೊಟ್ಟಣದಷ್ಟೇ ದೊಡ್ಡದಾದ ಒಂದು ತಗಡಿನ ತುಂಡು ನಿಂತಿದೆ. ಯಾವುದೋ ಎಣ್ಣೆಡಬ್ಬಿಯನ್ನು ಕತ್ತರಿಸಿ ಮಾಡಿದ್ದು. ಹಿಂಬದಿಯಲ್ಲಿ ಡಬ್ಬಿಯ ಹಳದಿ ಬಣ್ಣ ಇನ್ನೂ ಚೂರು ಉಳಿದಿದೆ. ಮುಂಬದಿಯಲ್ಲಿ ಮೊಳೆಯಿಂದ ಚುಚ್ಚಿ ಚುಚ್ಚಿ ಮೂಡಿಸಿದ ಅಕ್ಷರಗಳು: ‘ಚೌಡಮ್ಮನ ಕಾವಲು. ಮುಟ್ಟಬೇಡಿ.’ ಮುಟ್ಟಬೇಡಿ ಎಂದು ಬರೆದದ್ದನ್ನು ಮುಟ್ಟದೆ ಬಿಟ್ಟ ಮನುಷ್ಯ ಲೋಕದಲ್ಲಿ ಎಲ್ಲಾದರೂ ಇದ್ದಾನು, ನಾನಂತೂ ಅವನಲ್ಲ. ಮುಟ್ಟಿದ್ದರಿಂದ ಏನಾಯಿತು ಎಂಬುದನ್ನು ನಿಮ್ಮೊಡನೆ ಹೇಳಿಕೊಳ್ಳದೆ ಮನಸ್ಸಿಗೆ ಸಮಾಧಾನವಿಲ್ಲ.

ನಮ್ಮ ಸೀಮೆಯಲ್ಲಿ ಇಂಥ ಕಾವಲು ಹೊಸತಲ್ಲ. ಸಾಗರದಿಂದ ಯಾವ ದಿಕ್ಕಿಗೆ ಹೊರಟರೂ ಬೇಲಿಗೊಂದು, ಬಾವಿಗೊಂದು, ಹಲಸಿನ ಮರಕ್ಕೊಂದು, ಕೊನೆಗೆ ಒಟ್ಟಿಟ್ಟ ಕಟ್ಟಿಗೆಯ ರಾಶಿಗೂ ಒಂದು ಬೋರ್ಡು ನೇತಾಡುತ್ತಿರುತ್ತದೆ, ಇದಕ್ಕೆ ದೇವಿಯ ಕಾವಲಿದೆ ಎಂದು. ಬೀಗಕ್ಕೂ ನಾಯಿಗೂ ಅಂಜದ ಕಳ್ಳ ಆ ಬೋರ್ಡಿಗೆ ಅಂಜುತ್ತಾನೆ ಎಂಬುದು ಊರಿನ ನಂಬಿಕೆ. ನನಗೆ ಮಾತ್ರ ಅದು ತಮಾಷೆಯ ವಿಷಯ. ಕಾಲೇಜೊಂದರ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದವನು ನಾನು. ಪುಸ್ತಕದ ಉತ್ತರಕ್ಕೆ ಹೊಂದಲೆಂದು ರೀಡಿಂಗನ್ನು ಗುಟ್ಟಾಗಿ ತಿದ್ದುವ ವಿದ್ಯಾರ್ಥಿಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ‘ಬಂದಿದ್ದನ್ನ ಬರೀರಿ’ ಎಂದು ಗದರುತ್ತಿದ್ದೆ. ಪಾಠ ಮಾಡುವ ಅಧಿಕಾರ ನನಗಿರಲಿಲ್ಲ. ಆದರೂ ನಾನು ಮಾಡಿದ ಪಾಠ ಅದೊಂದೇ, ಮತ್ತು ಅದನ್ನು ಚೆನ್ನಾಗಿಯೇ ಮಾಡಿದೆನೆಂದು ಒಳಗೊಳಗೇ ಜಂಬವಿತ್ತು.

ನಿವೃತ್ತನಾದ ಮೇಲೆ ಕೈಗೆ ಕೆಲಸವಿಲ್ಲದೆ ಮನೆಯ ಮಿಕ್ಸಿ, ಫ್ಯಾನುಗಳನ್ನೆಲ್ಲ ಬಿಚ್ಚಿ ಹೆಂಡತಿಯ ತಾಳ್ಮೆಯನ್ನು ಪರೀಕ್ಷಿಸಿದ್ದಾಯಿತು. ಆಗ ತೀರ್ಥಹಳ್ಳಿಯಲ್ಲಿ ಸುಬ್ಬಣ್ಣನೆಂಬ ದರ್ಜಿಯ ಮನೆಯ ಪಕ್ಕದ ಚಪ್ಪರದಲ್ಲಿ ಗೋಣಿಚೀಲ ಹೊದ್ದು ನಿಂತಿದ್ದ ಹಳೆಯ ಎರಡು ಸ್ಟ್ರೋಕಿನ ಬೈಕೊಂದು ಕಣ್ಣಿಗೆ ಬಿತ್ತು. ಇಪ್ಪತ್ತೆರಡು ವರ್ಷ ತಾವೇ ಓಡಿಸಿದ ಗಾಡಿಯನ್ನು, ಮಂಡಿನೋವು ಬಂದದ್ದರಿಂದ ಸುಬ್ಬಣ್ಣ ನನಗೆ ಒಪ್ಪಿಸಿದರು. ಒಪ್ಪಿಸುವಾಗ ಹೇಳಿದ್ದು ಒಂದೇ ಮಾತು. “ಟ್ಯಾಂಕಿನ ಅಡಿಗೆ ಒಂದು ತಗಡು ಕಟ್ಟಿದೆ. ಅದನ್ನ ಬಿಚ್ಬೇಡಿ ಮಾರಾಯ್ರೇ. ನಂಗೆ ಕೊಟ್ಟವ್ರು ಹಂಗೇ ಹೇಳಿದ್ರು, ನಾನೂ ಬಿಚ್ಲಿಲ್ಲ.” ನಾನು ನಕ್ಕು ತಲೆಯಾಡಿಸಿದೆ.

ಸಾಗರದಲ್ಲಿ ನಮ್ಮ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಹಳೆಯ ಪೇಪರು ಹಾಸಿಕೊಂಡು ಕೂತೆ. ಮೂರು ತಿಂಗಳು ಹಿಡಿಯಿತು. ಕಾರ್ಬ್ಯುರೇಟರನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಸೈಲೆನ್ಸರಿನೊಳಗೆ ಕಟ್ಟಿದ್ದ ಮಸಿಯನ್ನು ತೆಂಗಿನ ಚಿಪ್ಪಿನ ಬೆಂಕಿಯಲ್ಲಿ ಸುಟ್ಟು ಉದುರಿಸಿದೆ. ಬ್ರೇಕು, ಕ್ಲಚ್ಚು, ಚೈನು, ಕೇಬಲ್ಲು ಎಲ್ಲ ಹೊಸದಾದವು. ಹಳೆಯ ಗಾಡಿಯನ್ನು ಬಿಚ್ಚುವುದೆಂದರೆ ಗುರುತಿಲ್ಲದವರ ಟ್ರಂಕು ತೆರೆದಂತೆ, ಸ್ನೇಹಿತರೇ. ಬ್ರೇಕಿನ ಪೆಡಲು ಒಳ ಅಂಚಿನಲ್ಲಿ ಮಾತ್ರ ಸವೆದಿತ್ತು, ಅಂದರೆ ಯಾರೋ ಪಾದವನ್ನು ಒಳಕ್ಕೆ ವಾಲಿಸಿ ತುಳಿಯುತ್ತಿದ್ದರು. ಹ್ಯಾಂಡಲಿನ ಎಡಗಡೆಯ ರಬ್ಬರಿನಲ್ಲಿ ಹೆಬ್ಬೆರಳಿನಷ್ಟು ಹಳ್ಳ ಬಿದ್ದಿತ್ತು. ಸುಬ್ಬಣ್ಣನವರದು ದರ್ಜಿಯ ತೆಳ್ಳನೆಯ ಬೆರಳು, ಆ ಹಳ್ಳ ದಪ್ಪ ಬೆರಳಿನದು. ನನ್ನ ಹೆಬ್ಬೆರಳನ್ನು ಅದರೊಳಗಿಟ್ಟೆ, ಸರಿಯಾಗಿ ಕೂತಿತು. ಯಾಕೋ ಬೇಗನೆ ಕೈ ತೆಗೆದುಕೊಂಡೆ. ಮಿಕ್ಕ ರಬ್ಬರನ್ನೆಲ್ಲ ಬದಲಾಯಿಸಿದವನು ಅದೊಂದನ್ನು ಹಾಗೇ ಬಿಟ್ಟೆ.

ಟ್ಯಾಂಕು ಇಳಿಸಿದ ದಿನ ತಗಡು ಸಿಕ್ಕಿತು. ತಾಮ್ರದ ತಂತಿಯಿಂದ ಬಿಗಿದು ಕಟ್ಟಿದ್ದರು. ಪಕ್ಕಡಿನಿಂದ ತಂತಿಯನ್ನು ಕತ್ತರಿಸಿ ಹಾಕಿದೆ. ಅದೇ ಮಧ್ಯಾಹ್ನ ಟ್ಯಾಂಕಿನ ಎಡಬದಿಯ ಒಂದು ತಗ್ಗಿಗೆ ಪುಟ್ಟಿ ಹಚ್ಚಿ, ಒಣಗಿದ ಮೇಲೆ ಉಜ್ಜಿ, ಮುಚ್ಚಳವೂ ಸೇರಿ ಎಲ್ಲಕ್ಕೂ ಎರಡೆರಡು ಸಲ ಕಡುಹಸಿರು ಬಣ್ಣ ಹೊಡೆದೆ. ಎಲ್ಲ ಜೋಡಿಸಿ ಮುಗಿಸಿದ ಸಂಜೆ ಕಾಫಿ ತಂದ ನನ್ನ ಹೆಂಡತಿ ವಿಶಾಲಾ ತಗಡನ್ನು ಎತ್ತಿ ಓದಿ, “ಬಿಚ್ಚಿದ್ದೆಲ್ಲ ವಾಪಸ್ ಹಾಕಿದ್ರಿ, ಇದೊಂದು ಯಾಕೆ ಹೊರಗೆ?” ಎಂದಳು. ಇದು ಬೈಕಿನ ಭಾಗವಲ್ಲ ಎಂದೆ.

ಬೈಕು ಒಂದೇ ಒದೆತಕ್ಕೆ ಎದ್ದಿತು. ಹೊಗೆ ತಪಾಸಣೆ, ವಿಮೆ ಎಲ್ಲ ಮುಗಿಸಿ ಒಂದು ಗುರುವಾರ ಬೆಳಿಗ್ಗೆ ಟ್ಯಾಂಕು ತುಂಬಿಸಿಕೊಂಡು ಹೊಸನಗರದ ರಸ್ತೆಗೆ ಹೊರಟೆ. ಗಾಳಿ ತಣ್ಣಗಿತ್ತು, ಎಂಜಿನ್ನಿನ ಸದ್ದು ಹದವಾಗಿತ್ತು, ಅರವತ್ತು ದಾಟಿದವನಿಗೆ ಇಪ್ಪತ್ತರ ಹುರುಪು ಬಂದಿತ್ತು. ಒಂದು ತಿರುವಿನ ಬಳಿ ಎಂಜಿನ್ನು ಎರಡು ಸಲ ಬಿಕ್ಕಿ ನಿಂತುಹೋಯಿತು. ಎದುರಿಗೆ ಒಂದು ಮನೆ, ಕಬ್ಬಿಣದ ಗೇಟು, ಗೇಟಿನ ಆಚೆ ಒಬ್ಬ ಹೆಂಗಸು. ಪೆಟ್ರೋಲ್ ಇದೆಯೇ ಎಂದು ಮುಚ್ಚಳ ತೆರೆದು ನೋಡಿದೆ, ತುಂಬ ಇತ್ತು. ಮುಚ್ಚಿ ಒದ್ದೆ, ಎದ್ದಿತು. ಹೆಂಗಸು ನನ್ನನ್ನಲ್ಲ, ಬೈಕಿನ ನಂಬರನ್ನು ನೋಡುತ್ತಿದ್ದರು.

ಮರುವಾರ ಪ್ಲಗ್ ಬದಲಾಯಿಸಿಕೊಂಡು, ಅದೇ ಬಂಕಿನಲ್ಲಿ ಟ್ಯಾಂಕು ತುಂಬಿಸಿ ಹೊರಟೆ. ಅದೇ ತಿರುವು, ಅದೇ ಗೇಟು, ಅದೇ ಬಿಕ್ಕಳಿಕೆ. ಈ ಸಲ ಆಕೆ ಬೆಲ್ಲ, ನೀರು ತಂದುಕೊಟ್ಟು, “ಇಲ್ಲೇ ನಿಲ್ತದಾ ಅದು?” ಎಂದು ಮೆಲ್ಲಗೆ ಕೇಳಿದರು. ಹೌದೆಂದೆ. ಬೆನ್ನಿನಲ್ಲಿ ಸಣ್ಣಗೆ ಚಳಿ ಹುಟ್ಟಿತು. ಹೆದರಿಕೆ ಎಂದು ಒಪ್ಪಿಕೊಳ್ಳಲು ಆಗ ಮನಸ್ಸಿರಲಿಲ್ಲ.

ಮೂರನೆಯ ಗುರುವಾರ ಹೋಗದೇ ಇರಬಹುದಿತ್ತು. ಆದರೆ ಒಂದೇ ಫಲ ಮೂರು ಸಲ ಬಂದರೆ ಮಾತ್ರ ನಂಬಬೇಕೆಂದು ಮೂವತ್ತು ವರ್ಷ ಹೇಳಿದವನು ಮನೆಯಲ್ಲಿ ಕೂರುವುದು ಹೇಗೆ? ಬೈಕು ನಿಂತಾಗ ಗೇಟಿನ ಬಳಿ ಮೊದಲೇ ಕುರ್ಚಿ ಹಾಕಿತ್ತು, ಪಕ್ಕದ ಸ್ಟೂಲಿನ ಮೇಲೆ ಬೆಲ್ಲ, ನೀರು. “ಬರ್ತೀರಿ ಅಂತ ಗೊತ್ತಿತ್ತು, ಕೂತ್ಕಳಿ,” ಎಂದ ಆಕೆ ಬೈಕಿನ ಸುತ್ತ ಒಂದು ಸುತ್ತು ಬಂದು, ಟ್ಯಾಂಕಿನ ಎಡಬದಿಗೆ ಅಂಗೈ ಇಟ್ಟರು. “ಇಲ್ಲೊಂದು ತಗ್ಗಿತ್ತು. ನುಣ್ಣಗೆ ಮಾಡಿದೀರಿ.” ಆ ತಗ್ಗನ್ನು ಮುಚ್ಚಿದ್ದು ನನಗೂ ವಿಶಾಲಾಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಬಣ್ಣದ ಮೇಲೆ ಬೆರಳಾಡಿಸಿದರೆ ನನಗೇ ಜಾಗ ಸಿಗುತ್ತಿರಲಿಲ್ಲ. “ನನ್ನ ತಮ್ಮ ನಾಗೂ, ಅಗೋ ಆ ಬಾವಿಕಟ್ಟೆಗೆ ಗುದ್ದಿದ್ದು,” ಎಂದರು.

ಅವರ ಹೆಸರು ಗಿರಿಜಮ್ಮ. ಗಂಡನೂ ಅವರೂ ಮನೆಯಲ್ಲೇ ಯಂತ್ರವಿಟ್ಟುಕೊಂಡು ಅಡಿಕೆ ಹಾಳೆಯ ತಟ್ಟೆ ಒತ್ತುತ್ತಾರೆ. ಇಪ್ಪತ್ತೈದು ವರ್ಷದ ಹಿಂದೆ ಅವರ ತಮ್ಮ ನಾಗರಾಜ ಈ ಬೈಕು ಹತ್ತಿ, ಅಣೆಕಟ್ಟಿನ ಹಿನ್ನೀರಿನ ಆಚೆಗೆ ಹೋಗಿ ಬರುತ್ತೇನೆಂದು ಹೇಳಿ ಹೊರಟವನು ಬರಲಿಲ್ಲ. ಜಗಳವಿಲ್ಲ, ಸಾಲವಿಲ್ಲ, ಮನಸ್ತಾಪವಿಲ್ಲ. ಕಾಫಿ ಕುಡಿದು, ಲೋಟವನ್ನು ತಾನೇ ತೊಳೆದು ಕವುಚಿಟ್ಟು ಹೋಗಿದ್ದನಂತೆ. ಆ ಮಳೆಗಾಲವಿಡೀ ಹುಡುಕಿದರು. ಹೆಣವೂ ಸಿಗಲಿಲ್ಲ, ಬೈಕೂ ಸಿಗಲಿಲ್ಲ. ನೀರು ತೆಗೆದುಕೊಂಡಿತು ಎಂದು ಊರು ತೀರ್ಮಾನಿಸಿತು. ವರ್ಷ ಕಾದು ತಿಥಿ ಮಾಡಿದರು. ಅಂದಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೆ ಹಿರಿಯರ ಸಾಲಿನಲ್ಲಿ ಅವನಿಗೂ ಎಡೆ: ಕಡುಬು, ಕೋಳಿಸಾರು, ಅವನು ಸೇದುತ್ತಿದ್ದ ಬೀಡಿಯ ಒಂದು ಕಟ್ಟು. “ಗಾಡಿ ನೀರಿನಡಿಗಿದೆ ಅಂತ ತಿಳ್ಕಂಡಿದ್ದೆ. ಅದೇ ಎದ್ದು ಬಂದಂಗಾಯ್ತು,” ಎಂದು ಗಿರಿಜಮ್ಮ ತಣ್ಣಗೆ ಹೇಳಿದರು.

ಮನೆಗೆ ಬಂದವನೇ ಬೈಕಿನ ಹಳೆಯ ಆರ್‌ಸಿ ಪುಸ್ತಕ ತೆಗೆದೆ. ಎಂಜಿನ್ ನಂಬರು, ಚಾಸಿ ನಂಬರುಗಳನ್ನು ಭೂತಗನ್ನಡಿ ಹಿಡಿದು ತಾಳೆ ನೋಡಿದ್ದ ಮಹಾಶಯನಿಗೆ ಅದರಲ್ಲಿದ್ದ ಮನುಷ್ಯರ ಹೆಸರು ಓದುವ ವ್ಯವಧಾನವಿರಲಿಲ್ಲ ನೋಡಿ. ಮೊದಲ ಮಾಲೀಕ ನಾಗರಾಜ. ಅದರ ಕೆಳಗೆ ಸುಬ್ಬಣ್ಣನವರ ಹೆಸರಿಗೆ ವರ್ಗವಾದ ತಾರೀಕು. ಬೆರಳು ಮಡಚಿ ಲೆಕ್ಕ ಹಾಕಿದೆ, ಮತ್ತೊಮ್ಮೆ ಹಾಕಿದೆ. ತಿಥಿಯಾಗಿ ಎರಡು ವರ್ಷವಾದ ಮೇಲೆ, ಆ ‘ಸತ್ತವನು’ ತೀರ್ಥಹಳ್ಳಿಗೆ ಬಂದು ಬೈಕು ಮಾರಿದ್ದ. ಸುಬ್ಬಣ್ಣನಿಗೆ ಫೋನ್ ಮಾಡಿದೆ. “ಅವ್ರೇ ಬಂದಿದ್ರು. ಬಡಕಲಾಗಿದ್ರು ಪಾಪ. ಊಟ ಹಾಕಿ ಬಸ್ಸಿನವರೆಗೂ ಹೋಗಿ ಬಿಟ್ಟು ಬಂದೆ. ಯಾವ ಬಸ್ಸು ಅಂತ ಈಗ ನೆನಪಿಲ್ಲ. ತಗಡು ಬಿಚ್ಬೇಡಿ, ನಮ್ಮಕ್ಕ ಕಟ್ಟಿದ್ದು ಅಂತ ಹೇಳಿ ಹತ್ತಿದ್ರು.”

ಅದೇ ಸಂಜೆ ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸೂಜಿಮೊನೆಯಷ್ಟು ತೂತಿರುತ್ತದೆ. ಅದರ ಮೇಲೆ ನಾನೇ ಎರಡು ಸಲ ಬಣ್ಣ ಬಳಿದಿದ್ದೆ. ಗಾಳಿ ಒಳಹೋಗದೆ ಪೆಟ್ರೋಲ್ ಇಳಿಯುವುದಿಲ್ಲ, ಸ್ವಲ್ಪ ದೂರ ಓಡಿ ಎಂಜಿನ್ನು ಉಪವಾಸ ಬೀಳುತ್ತದೆ. ಟ್ಯಾಂಕು ಪ್ರತಿ ಸಲವೂ ಭರ್ತಿ ಇದ್ದದ್ದರಿಂದ ದೂರವೂ ಪ್ರತಿ ಸಲ ಅಷ್ಟೇ. ಮುಚ್ಚಳ ತೆರೆದಾಗಲೆಲ್ಲ ‘ಉಸ್’ ಎಂದು ಗಾಳಿ ನುಗ್ಗುವುದನ್ನು ಕೇಳಿಯೂ ನಿರ್ವಾತದ ಪ್ರಯೋಗಗಳಿಗೆ ಪಂಪು ಜೋಡಿಸಿಕೊಟ್ಟ ಈ ಪಂಡಿತನಿಗೆ ಹೊಳೆದಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು. ಸೂಜಿ ಹಾಕಿ ತೂತು ಬಿಡಿಸಿದೆ. ಬೈಕು ಯಾಕೆ ನಿಲ್ಲುತ್ತಿತ್ತೆಂಬುದು ತಿಳಿಯಿತು. ಅಷ್ಟು ದೂರಕ್ಕೆ ಆ ಗೇಟೇ ಯಾಕೆ ಬರಬೇಕು ಎಂಬುದಕ್ಕೆ ಸೂಜಿ ಸಿಗಲಿಲ್ಲ.

ಇನ್ನು ಆ ತಾರೀಕು. ಅದನ್ನು ಹೇಳುವುದೋ ಬಿಡುವುದೋ? ಮುಳುಗಿಹೋದ ತಮ್ಮನಿಗಾಗಿ ಅತ್ತು ಹಗುರಾದವರಿಗೆ, ಅವನು ಬೇಕೆಂದೇ ಬರಲಿಲ್ಲ ಎಂದು ತಿಳಿಸಿ ಏನು ಪುಣ್ಯ ಕಟ್ಟಿಕೊಳ್ಳಲಿ? ಬದುಕಿರುವವರಿಗೆ ಎಡೆ ಇಡುವುದು ನಮ್ಮವರಿಗೆ ಬಾಯಲ್ಲಿ ಆಡಲೂ ಬಾರದ ಮಾತು. ಅವರು ಅದನ್ನು ಇಪ್ಪತ್ತನಾಲ್ಕು ವರ್ಷ ಕೈಯಾರೆ ಮಾಡಿದ್ದಾರೆ. ಸುಮ್ಮನಿದ್ದರೆ ಬರುವ ಅಮಾವಾಸ್ಯೆಗೂ ಮಾಡುತ್ತಾರೆ. ವಾರವಿಡೀ ನಿದ್ದೆಗೆಟ್ಟೆ. ಬಂದಿದ್ದನ್ನು ಬರೆಯುವುದು ಎಷ್ಟು ಕಷ್ಟವೆಂದು ಪ್ರಯೋಗಾಲಯದ ಆ ಹುಡುಗರಿಗೆ ಮೊದಲೇ ಗೊತ್ತಿತ್ತೋ ಏನೋ.

ಗುರುವಾರ ಪುಸ್ತಕವನ್ನು ಅಂಗಿಯ ಜೇಬಿನಲ್ಲೂ ತಗಡನ್ನು ಪ್ಯಾಂಟಿನ ಜೇಬಿನಲ್ಲೂ ಇಟ್ಟುಕೊಂಡು ಹೊರಟೆ. ತಿರುವು ಬಂತು, ಎಂಜಿನ್ನು ಬಿಕ್ಕಲಿಲ್ಲ. ಹಾಗೆಯೇ ಮುಂದೆ ಹೋಗಿಬಿಡಬಹುದಿತ್ತು. ಈ ಸಲ ನಿಲ್ಲಿಸಿದ್ದು ನಾನು.

ಗಿರಿಜಮ್ಮ ತಾರೀಕಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಒಳಗೆ ಅವರ ಗಂಡ ಒತ್ತುತ್ತಿದ್ದ ತಟ್ಟೆಯ ಬಿಸಿ ಹಾಳೆಯ ವಾಸನೆ ಹೊರಗೆಲ್ಲ ಹಬ್ಬಿತ್ತು.

“ಇದು ನಾವು ತಿಥಿ ಮಾಡಿದ್ ಮೇಲಿಂದು.”

“ಹೌದಮ್ಮಾ.”

“ಹಂಗಾರೆ ಬದುಕಿದ್ದವಂಗೆ ಎಡೆ ಇಟ್ಟೆ ನಾನು.”

ಸುಬ್ಬಣ್ಣ ಹೇಳಿದ್ದನ್ನೆಲ್ಲ ಹೇಳಿದೆ: ಬಡಕಲಾಗಿದ್ದದ್ದು, ಉಂಡದ್ದು, ತಗಡನ್ನು ಬಿಚ್ಚಬೇಡಿ ಅಂದದ್ದು. ಬಿಚ್ಚಿದವನು ನಾನೆಂದೂ ಹೇಳಿ ತಗಡನ್ನು ಅವರ ಕೈಗಿಟ್ಟೆ. ಅವರು ಮೊಳೆಯ ಚುಕ್ಕಿಗಳನ್ನು ಬೆರಳಿನಿಂದ ಸವರಿದರು.

“ನಾನೇ ಕಟ್ಟಿದ್ದು. ಕಳ್ಳರಿಗಲ್ಲ. ಗಾಡಿ ಮಧ್ಯ ಕಾಡಲ್ಲಿ ಕೆಟ್ಟು ನಿಂತ್ರೆ ಅಂತ ಅವಂಗೆ ಯಾವಾಗ್ಲೂ ಹೆದ್ರಿಕೆ. ತಾಯೀ, ಇದು ದಾರೀಲಿ ಎಲ್ಲೂ ನಿಲ್ಬಾರ್ದು ಅಂತ ಕೇಳ್ಕಂಡು ಕಟ್ಟಿದ್ದೆ.” ಬೈಕಿನ ಕಡೆ ಕೈ ತೋರಿಸಿದರು. “ನಿಲ್ಲಲೇ ಇಲ್ಲ ನೋಡಿ. ನೀವು ಬಿಚ್ಚಿದ್ ಮೇಲೆ ನಿಂತಿದೆ.”

ಮುಚ್ಚಳದ ತೂತಿನ ವಿಷಯ ನಾಲಗೆಯ ತುದಿಯವರೆಗೆ ಬಂತು. ಹೇಳಲಿಲ್ಲ. ನನ್ನ ಜೀವಮಾನದಲ್ಲಿ ನಾನು ಮುಚ್ಚಿಟ್ಟ ಮೊದಲ ರೀಡಿಂಗು ಅದು. ತಗಡನ್ನು ಮತ್ತೆ ಕಟ್ಟಲೇ ಎಂದಷ್ಟೇ ಕೇಳಿದೆ. “ಬೇಡ, ಗಾಡಿ ಅಲ್ಲಲ್ಲಿ ನಿಲ್ಲಲಿ,” ಎಂದು ನನಗೇ ಹಿಂದಿರುಗಿಸಿದರು.

ಮಹಾಲಯ ಅಮಾವಾಸ್ಯೆಗೆ ನನ್ನನ್ನೂ ವಿಶಾಲಾಳನ್ನೂ ಊಟಕ್ಕೆ ಕರೆದಿದ್ದರು. ಹಿರಿಯರ ಎಡೆ ಒಳಕೋಣೆಯಲ್ಲಿತ್ತು. ನಾಗರಾಜನ ಎಲೆ ಅಲ್ಲಿರಲಿಲ್ಲ. ನಮ್ಮ ಪಂಕ್ತಿಯಲ್ಲೇ, ಬಾಗಿಲ ಕಡೆಯ ತುದಿಯಲ್ಲಿ, ನನ್ನ ಪಕ್ಕದಲ್ಲಿತ್ತು. ಕಡುಬು, ಕೋಳಿಸಾರು, ಲೋಟದಲ್ಲಿ ನೀರು ಎಲ್ಲ ಬಡಿಸಿದ್ದರು. ಬೀಡಿಯ ಕಟ್ಟು ಮಾತ್ರ ಇರಲಿಲ್ಲ. “ಬೇಕಾದ್ರೆ ಬಂದು ಕೇಳ್ಲಿ,” ಎಂದರು ಗಿರಿಜಮ್ಮ. ಉಂಡು ಮುಗಿಯಿತು. ಪಂಕ್ತಿಯಲ್ಲಿ ಎಲ್ಲರೂ ಮುಗಿಸುವ ಮೊದಲು ಯಾರೂ ಏಳಬಾರದಲ್ಲ. ಒಂದು ಎಲೆ ಇನ್ನೂ ಮುಗಿದಿರಲಿಲ್ಲ. ಎಲ್ಲರೂ ಕೈ ಒಣಗಿಸಿಕೊಂಡು ಕೂತೆವು, ಯಾರೂ ಯಾರ ಮುಖವನ್ನೂ ನೋಡದೆ. ಎಷ್ಟೋ ಹೊತ್ತಾದ ಮೇಲೆ ಗಿರಿಜಮ್ಮ ಆ ಎಲೆಯ ಮೇಲೆ ಒಂದು ಹಾಳೆ ತಟ್ಟೆ ಕವುಚಿ, “ಏಳಿ, ಅವ ನಿಧಾನ,” ಎಂದರು.

ಹಾಗಾಗಿ ಆ ತಗಡು ಈಗ ನನ್ನ ಮೇಜಿನ ಮೇಲಿದೆ, ಬೈಕು ಕಾವಲಿಲ್ಲದೆ ಓಡುತ್ತಿದೆ. ಮೊದಲು ಇದನ್ನು ಕಂಡರೆ ನಗು ಬರುತ್ತಿತ್ತು. ಈಗ ಧೂಳು ಒರೆಸುವಾಗ ಎರಡೂ ಕೈಯಲ್ಲಿ ಹಿಡಿಯುತ್ತೇನೆ. ಮುಚ್ಚಳದ ತೂತಿಗೆ ವಾರಕ್ಕೊಮ್ಮೆ ಸೂಜಿ ಹಾಕಿ ಬೆಳಕಿಗೆ ಹಿಡಿದು ನೋಡುತ್ತೇನೆ, ಸ್ವಚ್ಛವಾಗಿದೆ. ಆದರೂ ಕಳೆದ ಗುರುವಾರ ಆ ಗೇಟಿನ ಮುಂದೆ ಎಂಜಿನ್ನು ಎರಡು ಸಲ ಬಿಕ್ಕಿ ನಿಂತಿತು. ಕೀಲಿಯನ್ನು ನಾನು ಮುಟ್ಟಿರಲಿಲ್ಲ. ಒಳಗಿನಿಂದ ಗಿರಿಜಮ್ಮನ ದನಿ ಕೇಳಿತು: “ನಾಗೂ, ಬಂದ್ಯಾ?” ಹೆಬ್ಬೆರಳು ಹ್ಯಾಂಡಲಿನ ಆ ಹಳ್ಳದಲ್ಲಿತ್ತು. ಬಂದಿದ್ದನ್ನು ಬರೆಯಬೇಕಲ್ಲ, ಬರೆಯುತ್ತಿದ್ದೇನೆ. “ಹ್ಞೂಂ” ಎಂಬ ಉತ್ತರ ಬಂತು. ಹೇಳಿದವನು ನಾನೇ ಇರಬೇಕು. ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ.