ತಪ್ಪು ಮಾಹಿತಿಗೆ ತಡೆ ಹಾಕುವ ತೇಜಶ್ರೀ

ಬೆಳಗಿನ ಆರೂವರೆ, ೨೦೦೬ರ ಒಂದು ಮಂಗಳವಾರ. ಬೆಂಗಳೂರಿನ ಗರುಡಾಚಾರ್‌ಪಾಳ್ಯದ ಕಾರ್ಖಾನೆಗಳಿಗೆ ಮೊದಲ ಪಾಳಿಯವರು ಹೋಗುವ ಹೊತ್ತಿಗೆ ಎದುರಿನ ಕಟ್ಟಡದಲ್ಲಿ ತೇಜಶ್ರೀ ಕಂಪ್ಯೂಟರ್ ಮುಂದೆ ಕೂತಾಗಿದೆ. ಔಷಧ ಪರೀಕ್ಷೆಗಳ ಅಂಕಿಅಂಶ ನೋಡುವ ಸಣ್ಣ ಕಂಪನಿ ಅದು. ವಯಸ್ಸು ಕೇಳುವ ಪ್ರೋಗ್ರಾಮಿಗೆ ಬೇಕೆಂದೇ ‘ಮಂಗಳವಾರ’ ಎಂದು ಕೊಟ್ಟು, ಅದೇನು ಮಾಡುತ್ತದೋ ಎಂದು ಕಾಯುತ್ತಾರೆ.

“ತೊಗೊಂಡ್ಬಿಡ್ತು ನೋಡಿ!” ಎಂದು ನಗುತ್ತಾರೆ.

ಒಂದೊಂದು ಲೆಕ್ಕ ಮಾಡಲು ಪ್ರೋಗ್ರಾಮಿನಲ್ಲಿ ಒಂದೊಂದು ಫಂಕ್ಷನ್ ಇರುತ್ತದೆ. ಅದರೊಳಕ್ಕೆ ಹೋಗುವುದು ಸಂಖ್ಯೆಯೋ, ಪದವೋ, ತಾರೀಕೋ ಎಂದು ಪರೀಕ್ಷಿಸಿ, ತಪ್ಪಿದ್ದರೆ ತಡೆಯುವ ಸಾಲುಗಳನ್ನು ಬರೆಯುವುದು ಇವರ ಕೆಲಸ. ಜೋಗುಪಾಳ್ಯದಲ್ಲಿ ರವಿಕೆ ಹೊಲಿಯುವ ತಾಯಿ ಮುನಿಲಕ್ಷ್ಮಮ್ಮನಿಗೆ ಇದನ್ನು ವಿವರಿಸುವುದೇ ಕಷ್ಟ. “ಮಗಳು ಏನ್ ಮಾಡ್ತಾಳೆ ಅಂತ ಕೇಳಿದ್ರೆ, ಕಂಪ್ಯೂಟರ್ ನಿಲ್ಸೋ ಕೆಲ್ಸ ಅಂತೀನಿ” ಎನ್ನುತ್ತಾರೆ ಅವರು.

ಬಿ.ಎಸ್ಸಿ. ಮುಗಿಸಿ ಡೇಟಾ ಎಂಟ್ರಿಗೆ ಸೇರಿದ ತೇಜಶ್ರೀಗೆ ಈ ಕೆಲಸ ಯಾರೂ ವಹಿಸಿದ್ದಲ್ಲ. ತಾವೇ ಹಚ್ಚಿಕೊಂಡರು. ಬೈಗುಳವೂ ಜೊತೆಗೇ ಬಂತು. ಕಳೆದ ವರ್ಷ ಮಕ್ಕಳ ಔಷಧವೊಂದರ ವರದಿ ಹೊರಡುವ ದಿನ, ಅವರ ತಡೆಗೆ ಸಿಕ್ಕಿ ಇಡೀ ಲೆಕ್ಕ ನಿಂತಿತು. ಯಾದಗಿರಿ ಕಡೆಯ ಸಹೋದ್ಯೋಗಿ ಶಿವಪುತ್ರ ಸಿಡಿಮಿಡಿಗೊಂಡರು.

“ಮಧ್ಯಾಹ್ನಕ್ಕ ರಿಪೋರ್ಟ್ ಹೋಗ್ಬೇಕ್ರಿ. ನಿಮ್ಮ ಚೆಕ್ ತಗೀರಿ ಮೊದಲ!”

ತೇಜಶ್ರೀ ವಾದಿಸಲಿಲ್ಲ. ತಮಗೂ ಅನುಮಾನವಿತ್ತು, ತಪ್ಪು ತಮ್ಮದೇ ಇರಬಹುದೆಂದು. “ಬನ್ನಿ, ತೆಗೆದೇ ನೋಡೋಣ. ಏನಾಗುತ್ತೋ ನಂಗೂ ಗೊತ್ತಾಗ್ಬೇಕು” ಎಂದು ಆ ಸಾಲು ಅಳಿಸಿದರು.

ಪ್ರೋಗ್ರಾಂ ಸಲೀಸಾಗಿ ಓಡಿತು. ಪರದೆಯ ಮೇಲೆ ಹತ್ತು ವರ್ಷದ ಬಾಲಕನ ತೂಕ ಮೂರು ಕೆಜಿ ಎಂದಿತ್ತು!

ಇಬ್ಬರೂ ಮೂಲ ಮಾಹಿತಿ ಕೆದಕಿದರು. ಒಂದು ಮಗುವಿನ ತೂಕದ ಜಾಗದಲ್ಲಿ ಯಾರೋ ‘ತೂಗಿಲ್ಲ’ ಎಂದು ಬರೆದಿದ್ದರು. ಆ ಒಂದು ಪದದಿಂದ ಕಂಪ್ಯೂಟರ್ ಎಲ್ಲರ ತೂಕವನ್ನೂ ಪದಗಳೆಂದೇ ತಿಳಿದು, ಒಂದೊಂದಕ್ಕೂ ಕ್ರಮಸಂಖ್ಯೆ ಕೊಟ್ಟಿತ್ತು. ಬಾಲಕನದು ಮೂರನೆಯದು; ಅದೇ ಮೂರು ಕೆಜಿಯಾಗಿತ್ತು. ಆ ತೂಕದ ಮೇಲೆಯೇ ಔಷಧದ ಪ್ರಮಾಣ ನಿಗದಿಯಾಗಬೇಕಿತ್ತು.

ಶಿವಪುತ್ರ ಕುರ್ಚಿ ಎಳೆದು ಕೂತರು. “ಹಾಕ್ರಿ ತಿರುಗಿ” ಎಂದರು, ಮೆಲ್ಲಗೆ. ವರದಿ ಅಂದು ಹೋಗಲಿಲ್ಲ. ತಪ್ಪು ತಿದ್ದಿದ ಮೇಲೆ, ಮರುದಿನ ಹೋಯಿತು.

ಈಗ ಕಚೇರಿಯವರೆಲ್ಲ ಅವರು ಬರೆದ ತಡೆಯ ಸಾಲುಗಳನ್ನು ಬಳಸುತ್ತಾರೆ. ವರದಿಗಳಲ್ಲಿ ತೇಜಶ್ರೀ ಹೆಸರಿಲ್ಲ. ಬೇಸರವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

“ಲೆಕ್ಕ ಸಿಕ್ಕಾಕ್ಕೊಂಡು ನಿಂತಾಗ ಮಾತ್ರ ನನ್ ನೆನಪು ಬರುತ್ತೆ ಅವ್ರಿಗೆ. ಬೈಲಿ ಬಿಡಿ. ಬೈಯೋಕಾದ್ರೂ ಒಂದ್ ನಿಮಿಷ ನಿಲ್ತಾರಲ್ಲ!”