ಇಳಿತದಲ್ಲಿ ಎಳೆದ ಗೆರೆ

ನಕ್ಷೆ ಬರೆಯುವ ಪೆನ್ನುಗಳ ಹಳೇ ಡಬ್ಬಿ ತೆರೆದದ್ದೇ ತಡ, ಮೀನೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅಡಿಯಲ್ಲಿ ಬಲೆ ಹೆಣೆಯುವ ಮರದ ಸೂಜಿ, ಅರ್ಧ ಸುತ್ತಿದ ದಾರದ ಸಮೇತ... ಅದು ಕಾಕನದು.

ಎಪ್ಪತ್ತರ ದಶಕದ ಕುವೈತ್. ಶುವೈಖಿನ ಒಂದು ಕಂಪನಿಯಲ್ಲಿ ನಾನು ಸರ್ವೇಯರ್. ಕಡಲಂಚಿನ ಬೆಸ್ತರ ಹಳ್ಳಿಯೊಂದನ್ನು ಪಟ್ಟಣ ಮಾಡಲು ಹೊರಟಿದ್ದರು: ರಸ್ತೆ, ತಡೆಗೋಡೆ, ಗೋಡೆಯ ಒಳಗೆ ಹೊಸ ಮನೆಗಳ ಸಾಲು. ದಡದ ಗೆರೆ ಗುರುತಿಸುವ ಕೆಲಸ ನನ್ನದು. ಮಂಡ್ಯದ ಕಡೆಯವನಾದ ನನಗೆ ಕಾಲುವೆ ಗೊತ್ತು, ಕಡಲು ಗೊತ್ತಿಲ್ಲ. ಒಂದು ಬೆಳಿಗ್ಗೆ ನೀರು ಎಲ್ಲಿತ್ತೋ ಅಲ್ಲೇ ಗೂಟ ಹೊಡೆಸಿ, ಅದೇ ದಡವೆಂದು ನಕ್ಷೆ ಬರೆದು ಕೊಟ್ಟುಬಿಟ್ಟೆ.

ಅಲ್ಲಿ ಬಲೆ ರಿಪೇರಿ ಮಾಡುತ್ತಿದ್ದ ಉಳ್ಳಾಲದ ಬ್ಯಾರಿ ಮುದುಕರೊಬ್ಬರಿದ್ದರು, ಎಲ್ಲರಿಗೂ ಕಾಕ. ಮುಂದಿನ ವಾರ ಅವರು ನನ್ನ ಕೈ ಹಿಡಿದು, ಗೂಟಗಳಿಂದ ನೆಲದ ಕಡೆಗೆ ಎಷ್ಟೋ ಒಳಗಿದ್ದ ಬಂಡೆಯೊಂದರ ಬಳಿ ಕರೆದೊಯ್ದರು. ಸೊಂಟದೆತ್ತರಕ್ಕೆ ಚಿಪ್ಪುಗಳು ಅಂಟಿದ್ದವು.

"ಇವು ನಡ್ಕೊಂಡು ಬಂದು ಹತ್ತಿದ್ದಲ್ಲ ಸಾರ್. ನೀವು ಅಳೆದದ್ದು ಇಳಿತದ ಹೊತ್ತಿಗೆ. ನೀರು ಹೊರಗೆ ಹೋಗಿತ್ತು ಅಷ್ಟೆ, ಬರ್ತದೆ."

ನಕ್ಷೆ ಆಗಲೇ ಮೇಲಿನವರ ಕೈಗೆ ಹೋಗಿತ್ತು. ತಪ್ಪು ಒಪ್ಪಿಕೊಂಡರೆ ನನ್ನನ್ನು ಕರೆಸಿಕೊಂಡ ಅರಬ್ ಧಣಿ, ಕಫೀಲ್, ಅಲ್ಲಿರಲು ಬೇಕಾದ ಇಕಾಮಾ ಪರವಾನಗಿ ರದ್ದು ಮಾಡಿಸಿ ಊರಿಗೆ ಅಟ್ಟುತ್ತಾನೆಂಬ ಭಯ. ತೆಪ್ಪಗಿದ್ದೆ.

ಗೋಡೆ ಎದ್ದಿತು. ಒಳಗೆ ಮಣ್ಣು ತುಂಬಿ ಮನೆ ಕಟ್ಟಿದರು. ಹೊಸ ಸುಣ್ಣದ ಮೇಲೆ ಉಪ್ಪಿನ ಬಿಳಿ ಗೆರೆ ವಾರಕ್ಕೊಂದು ಬೆರಳಿನಷ್ಟು ಮೇಲೇರುತ್ತಿತ್ತು... ನೋಡಿಯೂ ನೋಡದವನಂತೆ ದಾಟಿ ಹೋಗುತ್ತಿದ್ದೆ.

ಕಾಕನ ಹಳೇ ಕೋಣೆ ಕೆಡವಿ, ಮೂಲೆಯ ಮನೆ ಕೊಟ್ಟರು. ಬೀಗದಕೈ ಹಿಡಿದುಕೊಂಡೇ ನನ್ನ ಬಳಿ ಬಂದರು.

"ನನ್ನ ಕಣ್ಣಿಗೆ ಅದು ನೀರಿನ ಜಾಗ. ಆದ್ರೆ ಕಲಿತವ್ರು ನೀವು, ಅಳೆದವ್ರೂ ನೀವು. ಹೋಗುದಾ, ಬೇಡ್ವಾ? ನೀವು ಹೇಳಿದ ಹಾಗೆ."

"ಹೋಗಿ ಕಾಕ, ಏನೂ ಆಗಲ್ಲ," ಎಂದೆ.

ಚಳಿಗಾಲದ ಅಮಾವಾಸ್ಯೆಯ ಮಧ್ಯಾಹ್ನ. ಗಾಳಿ ಕಡಲಿನಿಂದ ಬೀಸುತ್ತಿತ್ತು. ಉಬ್ಬರದ ನೀರು ಗೋಡೆ ಹಾರಲಿಲ್ಲ, ಬುಡದಿಂದ ನುಗ್ಗಿತು. ತುಂಬಿದ್ದ ಮಣ್ಣು ಕರಗಿ ಮೂಲೆಯ ಮನೆ ಕುಸಿಯಿತು. ಉಳಿದವರೆಲ್ಲ ಓಡಿ ಪಾರಾದರು. ಕಾಕ ಬಲೆ ತರಲು ಒಳಗೆ ಹೋಗಿದ್ದರಂತೆ, ಹೊರಗೆ ಬರಲೇ ಇಲ್ಲ...

ನೀರು ಇಳಿದ ಮೇಲೆ ಕೆಸರಿನಲ್ಲಿ ಈ ಸೂಜಿ ಸಿಕ್ಕಿತು. ಕಡಲನ್ನು ನಂಬಬಾರದು ಎಂದು ಎಲ್ಲರೂ ಮಾತಾಡಿಕೊಂಡರು. ನಾನೂ ತಲೆಯಾಡಿಸಿದೆ. ಈಗಲೂ ನಾಚಿಕೆಯಾಗುತ್ತದೆ.

ಆ ಹಳ್ಳಿ ಈಗ ದೊಡ್ಡ ಪಟ್ಟಣವಂತೆ; ದಡದುದ್ದಕ್ಕೂ ಅಂಗಡಿ, ದೀಪ, ಓಡಾಡುವ ಜನ. ಸೂಜಿಯನ್ನು ತೊಳೆಯಬೇಕೆಂದು ನಲ್ಲಿಯವರೆಗೆ ಹೋಗಿ ಹಾಗೇ ವಾಪಸು ಬಂದೆ. ಕಡಲು ಗೊತ್ತಿದ್ದವರು ಕಾಕ. ಗೊತ್ತಿದ್ದೂ ನನ್ನನ್ನು ಕೇಳಿದರು. ನಾನು "ಹೋಗಿ" ಎಂದೆ.